ದಕ್ಷಿಣವಿಲ್ಲದ ದ್ವೀಪ

ಏಪ್ರಿಲ್ 4, ಸೋಮವಾರ

ಇವಳು, ನನ್ನ ಹೆಂಡತಿ, ಕಳೆದ ಗುರುವಾರ ಶಾಲೆಯಿಂದ ನಿವೃತ್ತಳಾದಳು. ಇಪ್ಪತ್ತೆರಡು ವರ್ಷ ಭೂಗೋಳ ಪಾಠ ಮಾಡಿದವಳು ಭೂಗೋಳದಲ್ಲಿ ಎಲ್ಲಿಗೂ ಹೋದವಳಲ್ಲ. ಆದ್ದರಿಂದ ಅವಳನ್ನು ಒಂಬತ್ತು ದಿನ ದ್ವೀಪಕ್ಕೆ ಕರೆದುಕೊಂಡು ಹೋಗುವುದೆಂದು ತೀರ್ಮಾನಿಸಿ, ಬೆಳಗಿನ ಕಾಫಿಯ ಹೊತ್ತಿಗೆ ಪ್ರಕಟಿಸಿದೆ.

"ಯಾವ ದ್ವೀಪ?" ಎಂದಳು. ಹೇಳಿದೆ. ಲೋಟ ಕೆಳಗಿಟ್ಟಳು.

"ನಿಜವಾಗ್ಲೂ? ಅದೇ ದ್ವೀಪಾನಾ?"

ಅವಳ ಮುಖದಲ್ಲಿ ಅಷ್ಟು ಸಂತೋಷ ನೋಡಿ ಬಹಳ ಕಾಲವಾಗಿತ್ತು. ರಿಯಾಯಿತಿ ಟಿಕೆಟ್ ಆ ದ್ವೀಪಕ್ಕೆ ಮಾತ್ರ ಇತ್ತೆಂಬ ವಿಷಯವನ್ನು ಬಾಯಿ ಬಿಡಲಿಲ್ಲ.

ಪ್ರವಾಸದ ಪುಸ್ತಕದ ಪ್ರಕಾರ ಅಲ್ಲಿ ನೋಡಲೇಬೇಕಾದ ಜಾಗಗಳು ಮೂವತ್ತೇಳು. ಮೂವತ್ತೊಂದು ವರ್ಷ ಗಣಿತ ಕಲಿಸುತ್ತಲೇ ಶಾಲೆಯ ವೇಳಾಪಟ್ಟಿಯನ್ನೂ ಬರೆದವನು ನಾನು. ನಲವತ್ತೆರಡು ಮೇಷ್ಟ್ರುಗಳನ್ನು ಇಪ್ಪತ್ತು ಕೋಣೆಗಳಿಗೆ ಹೊಂದಿಸಿದವನಿಗೆ ಮೂವತ್ತೇಳು ಜಾಗ ಯಾವ ಮೂಲೆಗೆ? ದಿನಕ್ಕೆ ಎಂಟು ಪೀರಿಯಡ್ಡಿನಂತೆ ಒಂಬತ್ತು ದಿನಕ್ಕೆ ಎಪ್ಪತ್ತೆರಡು. ಜಾಗಕ್ಕೆ ಎರಡು ಪೀರಿಯಡ್ ಎಂದರೆ ಎಪ್ಪತ್ತನಾಲ್ಕು ಬೇಕು. ಎರಡು ಕಡಿಮೆ ಬೀಳುತ್ತದೆ. ಊಟದ ವಿರಾಮ ತೆಗೆದರೆ ಸರಿಹೋಗುತ್ತದೆ.

ಏಪ್ರಿಲ್ 5, ಮಂಗಳವಾರ

ಅಟ್ಟದಿಂದ ಹಲಗೆ ಇಳಿಸಿ ಊಟದ ಕೋಣೆಯ ಗೋಡೆಗೆ ಹಾಕಿದೆ. ನಿವೃತ್ತರಾದ ಬೇರೆಯವರಿಗೆಲ್ಲ ಶಾಲೆಯವರು ಗೋಡೆ ಗಡಿಯಾರ ಕೊಟ್ಟರು. ಎರಡು ತಿಂಗಳ ಹಿಂದೆ ನಿವೃತ್ತನಾದ ನನಗೆ ಮಾತ್ರ ಈ ವೇಳಾಪಟ್ಟಿ ಹಲಗೆಯನ್ನೇ ಕೊಟ್ಟರು. "ಇದನ್ನ ನೀವೇ ತಗೊಂಡ್ಹೋಗ್ಬಿಡಿ ಸರ್" ಎಂದು ಎಲ್ಲರೂ ಒಕ್ಕೊರಲಿನಿಂದ ಒತ್ತಾಯಿಸಿದರು. ಅಷ್ಟು ಪ್ರೀತಿ.

ಒಂದು ದಿನಕ್ಕೆ ಒಂದು ಸಾಲು, ಸಾಲಿಗೆ ಎಂಟು ಸೀಳು. ಸೀಳಿಗೆ ಸಿಕ್ಕಿಸಲು ಬಣ್ಣದ ರಟ್ಟಿನ ಚೀಟಿಗಳು. ಒಬ್ಬೊಬ್ಬ ಮೇಷ್ಟ್ರಿಗೆ ಒಂದೊಂದು ಬಣ್ಣ. ಹಳದಿ ನನ್ನ ಹೆಂಡತಿಯದು. ಪಟ್ಟಿ ಬರೆಯುವವನು ಹೆಂಡತಿಗೆ ಅನುಕೂಲ ಮಾಡಿಕೊಂಡ ಎಂಬ ಮಾತು ಬರಬಾರದೆಂದು ಇಪ್ಪತ್ತೆರಡು ವರ್ಷವೂ ದಿನದ ಕೊನೆಯ ಪೀರಿಯಡ್ ಅವಳಿಗೇ ಕೊಟ್ಟೆ. ಶನಿವಾರವೂ ಬಿಡಲಿಲ್ಲ. ಶಾಲೆಯಲ್ಲಿ ಒಬ್ಬರೂ ನನ್ನ ಕಡೆ ಬೆರಳು ತೋರಿಸಲಿಲ್ಲ. ಅವಳೂ ಸಹ.

ಏಪ್ರಿಲ್ 10, ಭಾನುವಾರ

ಜಾಗಗಳ ಆಯ್ಕೆಗೆ ಸಭೆ ಕರೆದೆ. ಅಕ್ಕ ಮತ್ತು ಭಾವ ತಾವೂ ಬರುತ್ತೇವೆಂದು ತಾವೇ ನಿರ್ಧರಿಸಿ, ಟಿಕೆಟ್ಟನ್ನೂ ಮಾಡಿಸಿಕೊಂಡು ಸಭೆಗೆ ಬಂದರು. ಎದುರು ಮನೆಯ ನಿವೃತ್ತ ದಂತವೈದ್ಯರನ್ನೂ ಕರೆದಿದ್ದೆ. ಅವರು ಎಲ್ಲಾ ಕಡೆಗೂ ಹೋಗಿಬಂದಿದ್ದಾರೆ. ಬೀದಿಯಲ್ಲಿ ಅವರನ್ನು ಹೋಗಿಬಂದವರು ಎಂದೇ ಕರೆಯುತ್ತಾರೆ.

ಅಕ್ಕನಿಗೆ ಮುತ್ತಿನ ಪೇಟೆಯ ಊರು ಬೇಕು. ಭಾವನಿಗೆ ಮೂರು ಬಿಸಿನೀರಿನ ಬುಗ್ಗೆಗಳೂ ಬೇಕು, ಮಂಡಿ ನೋವಿಗೆ. ಪೇಟೆ ಪೂರ್ವಕ್ಕಿದೆ, ಬುಗ್ಗೆಗಳು ಪಶ್ಚಿಮಕ್ಕಿವೆ.

"ಮಂಡಿ ನೋವು ನಡೆದ್ರೆ ಹೋಗುತ್ತೆ. ಪೇಟೆ ಸುತ್ತಿ" ಎಂದಳು ಅಕ್ಕ.

"ನಿನ್ನ ಹಿಂದೆ ಪೇಟೆ ಸುತ್ತೀನೇ ಈ ಮಂಡಿ ಹಿಂಗಾಗಿದ್ದು" ಎಂದರು ಭಾವ.

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ನಾನು ಇಬ್ಬರಿಗೂ ಚೀಟಿ ಬರೆದುಕೊಟ್ಟು ಶಾಂತಿ ಸ್ಥಾಪಿಸಿದೆ.

ಹೋಗಿಬಂದವರು ಫೋನಿನಲ್ಲಿ ಹನ್ನೊಂದು ಜಲಪಾತಗಳ ಚಿತ್ರ ತೋರಿಸಿದರು. ಪ್ರತಿಯೊಂದರಲ್ಲೂ ಅವರೇ ನಿಂತಿದ್ದಾರೆ. ಅವರ ಎರಡು ಕಿವಿಗಳ ಪಕ್ಕದಲ್ಲಿ ಸ್ವಲ್ಪ ಸ್ವಲ್ಪ ನೀರು ಕಾಣುತ್ತದೆ. "ಹನ್ನೊಂದೂ ನೋಡ್ಬೇಕು ರೀ. ಹತ್ತು ನೋಡಿ ಬಂದ್ರೆ ಜನ ನಗ್ತಾರೆ" ಎಂದರು.

ಕೊನೆಗೆ ಇವಳು, ತಟ್ಟೆಗಳನ್ನು ಎತ್ತಿಕೊಳ್ಳುತ್ತಾ, "ನಂದೂ ಒಂದಿದೆ. ಜಾಗ ಇದ್ರೆ ಹಾಕಿ. ದಕ್ಷಿಣದ ತುದೀಲಿ ಒಂದು ಊರಿದೆಯಲ್ಲ, ಅದು" ಎಂದಳು.

ಪುಸ್ತಕ ತೆಗೆದು ನೋಡಿದೆ. ಮೂವತ್ತೇಳರಲ್ಲಿ ಅದು ಮೂವತ್ತೇಳನೆಯದು. "ಹಳೆಯ ದೀಪಸ್ತಂಭವಿದೆ. ಬೇರೆ ವಿಶೇಷವಿಲ್ಲ" ಎಂದು ಒಂದೂವರೆ ಸಾಲು. ಆದರೂ ಗೃಹಿಣಿಯ ಕೋರಿಕೆ, ನಿರಾಕರಿಸಲಿಲ್ಲ. ಹಳೆಯ ಹಳದಿ ಚೀಟಿಯೊಂದರ ಹಿಂಬದಿಯಲ್ಲಿ ಬರೆದು ಒಂಬತ್ತನೆಯ ದಿನದ ಎಂಟನೆಯ ಪೀರಿಯಡ್ಡಿಗೆ ಸಿಕ್ಕಿಸಿದೆ. ಅವಳು ನಕ್ಕಳು.

"ಯಾಕೆ ನಗ್ತೀಯಾ?"

"ಏನಿಲ್ಲ. ಅಲ್ಲೇ ಹಾಕ್ತೀರ ಅಂತ ಗೊತ್ತಿತ್ತು."

ಅವಳ ಊಹಾಶಕ್ತಿ ಮೆಚ್ಚತಕ್ಕದ್ದು.

ಏಪ್ರಿಲ್ 15, ಶುಕ್ರವಾರ

ಐದು ದಿನದಿಂದ ಹಲಗೆಯ ಮುಂದೆಯೇ ಇದ್ದೇನೆ. ಕೆಲಸ ಭರದಿಂದ ಸಾಗಿದೆ. ಆರಿದ ಜ್ವಾಲಾಮುಖಿಗೆ ಒಂದು ಪೀರಿಯಡ್ ಸಾಕು, ಆರಿದೆಯಲ್ಲ. ಸಸ್ಯೋದ್ಯಾನದಲ್ಲಿ ನಾಲ್ಕು ಸಾವಿರ ಗಿಡಗಳಿವೆಯಂತೆ, ಗಿಡಕ್ಕೆ ಒಂದು ಸೆಕೆಂಡಿನಂತೆ ನೋಡಿದರೂ ಒಂದು ಗಂಟೆ ದಾಟುತ್ತದೆ, ಆದ್ದರಿಂದ ಬೇಗ ನಡೆಯಬೇಕು. ಸಮುದ್ರಸ್ನಾನ ಹದಿನೈದು ನಿಮಿಷ. ಒದ್ದೆ ಬಟ್ಟೆ ಬಸ್ಸಿನಲ್ಲಿ ಆರುತ್ತದೆ.

ಕೂಸು ಹುಟ್ಟುವ ಮೊದಲೇ ಕುಲಾವಿ ಎಂದು ಇವಳು ಅಡುಗೆಮನೆಯಿಂದ ಹೇಳಿದ್ದು ಕೇಳಿಸಿತು. ಕುಲಾವಿ ಮೊದಲೇ ಹೊಲಿದಿಟ್ಟರೆ ಕೂಸಿಗೆ ತಾನೆ ಅನುಕೂಲ?

ಏಪ್ರಿಲ್ 19, ಮಂಗಳವಾರ

ಭಾವನ ಮೂರನೆಯ ಬುಗ್ಗೆ ಎಲ್ಲಿಯೂ ಕೂರುತ್ತಿಲ್ಲ. ಒಂಬತ್ತನೆಯ ದಿನದ ಎಂಟನೆಯ ಪೀರಿಯಡ್ಡಿನಲ್ಲಿ ಮಾತ್ರ ಕೂರುತ್ತದೆ. ಹಳದಿ ಚೀಟಿ ತೆಗೆದೆ. ಕೊನೆಯ ಪೀರಿಯಡ್ ಇರುವುದೇ ಬಿಟ್ಟುಕೊಡುವುದಕ್ಕೆ. ಶಾಲೆಯಲ್ಲೂ ಅಷ್ಟೇ: ಕವಾಯತಿನ ಅಭ್ಯಾಸ, ಹಲ್ಲಿನ ತಪಾಸಣೆ, ಸಂತಾಪ ಸಭೆ, ಏನೇ ಬಂದರೂ ಅದಕ್ಕೆ ಕೊನೆಯ ಪೀರಿಯಡ್ ಕೊಡುತ್ತಿದ್ದೆ.

ಇವಳಿಗೆ ಗಿಣಿಗೆ ಹೇಳಿದಂತೆ ಬಿಡಿಸಿ ಹೇಳಿದೆ.

"ಸರಿ" ಎಂದಳು.

ಏಪ್ರಿಲ್ 20, ಬುಧವಾರ

ಸರಿ ಎಂದಳು. ಆದರೆ ಬೆಳಗಿನಿಂದ ಆ ಒಂದೇ ಮಾತು ಹೇಳುತ್ತಿದ್ದಾಳೆ. ಉಪ್ಪು ಕಡಿಮೆಯಿದೆ ಎಂದೆ, ಸರಿ. ಮಳೆ ಬರುವ ಹಾಗಿದೆ ಎಂದೆ, ಸರಿ.

ಏಪ್ರಿಲ್ 23, ಶನಿವಾರ

ಆಘಾತ. ಬಟ್ಟೆ ಮಡಚುತ್ತಾ ಕುಳಿತಿದ್ದವಳು ತಲೆಯೆತ್ತದೆ, "ನೀವು ಮೂರು ಜನ ಹೋಗ್ಬನ್ನಿ. ನಾನು ಬರಲ್ಲ" ಎಂದಳು.

"ನಿನ್ನ ನಿವೃತ್ತಿಗೆ ಅಂತ ತಾನೆ ಹೊರಟಿರೋದು? ನೀನೇ ಬರ್ದಿದ್ರೆ ಹೇಗೆ?"

"ನಿವೃತ್ತಿ ಅಂದ್ರೆ ಮತ್ತೆ ಬೆಲ್ಲಿಗೆ ಏಳೋದಲ್ಲ ರೀ. ಮೂವತ್ತಾರು ಜಾಗ ನೋಡೋಷ್ಟು ಶಕ್ತಿ ನಂಗಿಲ್ಲ."

"ನೋಡೋದಕ್ಕೇನು ಶಕ್ತಿ? ಬಸ್ಸಲ್ಲಿ ಕೂತರಾಯ್ತು."

ಅವಳು ನನ್ನ ಅಂಗಿಯ ತೋಳನ್ನು ಎರಡು ಸಲ ಮಡಚಿದಳು. "ನಾನು ಕೇಳಿದ್ದು ಒಂದು" ಎಂದು ಎದ್ದು ಹೋದಳು.

ಕಾರಣ ಏನಿರಬಹುದೆಂದು ಪಟ್ಟಿ ಮಾಡಿದೆ. ಸಮುದ್ರದ ಭಯವೇ? ಭೂಗೋಳದವಳಿಗೆ ಸಮುದ್ರದ ಭಯವಿರಲಾರದು. ವಿಮಾನದ ಭಯವೇ? ಅಕ್ಕನ ಭಯವೇ? ಮೂರನೆಯದು ಸಂಭವನೀಯ. ಅಕ್ಕನಿಗೆ ಫೋನ್ ಮಾಡಿದೆ.

"ಊರಿಗೆ ಉಪಕಾರಿ, ಮನೆಗೆ ಮಾರಿ ಕಣೋ ನೀನು. ಪಾಪ, ಬಾಯಿಬಿಟ್ಟು ಒಂದೂರು ಕೇಳಿದ್ಳು, ಅದನ್ನೇ ಕಿತ್ತು ಹಾಕ್ದೆ" ಎಂದು ಚೆನ್ನಾಗಿ ಬೈದಳು. ಆಮೇಲೆ, "ಅವಳು ಬರ್ಲಿಲ್ಲ ಅಂದ್ರೆ ಅವಳ ಲೆಕ್ಕದಲ್ಲಿ ನನ್ನ ಇನ್ನೊಂದು ಸೂಟ್‌ಕೇಸ್ ಹಾಕ್ಬಹುದಲ್ವಾ?" ಎಂದಳು.

ಏಪ್ರಿಲ್ 27, ಬುಧವಾರ

ಇವಳ ಟಿಕೆಟ್ ರದ್ದು ಮಾಡಿದರೆ ಏನಾಗುತ್ತದೆಂದು ಕೇಳಲು ಟ್ರಾವೆಲ್ಸ್ ಅಂಗಡಿಗೆ ಹೋದೆ. ಅಂಗಡಿಯಾಕೆ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿ. ಗಣಿತದಲ್ಲಿ ಅಷ್ಟಕ್ಕಷ್ಟೆ, ಈಗ ಮೂರು ಕಂಪ್ಯೂಟರ್ ಇಟ್ಟು ಊರನ್ನೇ ವಿಮಾನ ಹತ್ತಿಸುತ್ತಿದ್ದಾಳೆ.

"ಟೀಚರ್ ಬರಲ್ವಾ ಸರ್?" ಎಂದು ಕುರ್ಚಿಯಿಂದ ಅರ್ಧ ಎದ್ದಳು. "ಅವ್ರನ್ನ ಬಿಟ್ಟು ಆ ದ್ವೀಪಕ್ಕೆ ಬೇರೆ ಯಾರು ಹೋಗ್ಬೇಕು ಹೇಳಿ? ಏಳನೇ ಕ್ಲಾಸಲ್ಲಿ ಅದೇ ಪಾಠ ಅಲ್ವಾ, ಉಷ್ಣವಲಯದ ದ್ವೀಪ. ಪ್ರತಿ ವರ್ಷ ಬೋರ್ಡ್ ತುಂಬ ನಕ್ಷೆ ಬರೀತಿದ್ರು. ಬಂದರು, ಬೆಟ್ಟ, ಜ್ವಾಲಾಮುಖಿ, ಎಲ್ಲಾ ಬಣ್ಣದ ಸೀಮೆಸುಣ್ಣದಲ್ಲಿ. ಉತ್ತರದಿಂದ ಶುರು ಮಾಡಿ ಕೆಳಗೆ ಬರೋರು. 'ದಕ್ಷಿಣದ ತುದೀಲಿ ಒಂದೂರಿದೆ ಮಕ್ಕಳೇ, ಅಲ್ಲಿ' ಅನ್ನೋರು. ಟಣ್ ಅಂತ ಬೆಲ್!"

ಹೊಟ್ಟೆ ಹಿಡಿದುಕೊಂಡು ನಕ್ಕಳು.

"ನಮ್ಮ ಅಕ್ಕನ ಕ್ಲಾಸಲ್ಲೂ ಹಂಗೇ ಅಂತೆ. ತಮ್ಮನ ಕ್ಲಾಸಲ್ಲೂ ಅಷ್ಟೇ. ನಮ್ ಶಾಲೇಲಿ ಓದಿದವರಿಗೆ ಆ ದ್ವೀಪಕ್ಕೆ ದಕ್ಷಿಣಾನೇ ಇಲ್ಲ ಸರ್! ಅಲ್ಲಿ ಏನಿದೆ ಅಂತ ಟಿಕೆಟ್ ಮಾರೋ ನಂಗೇ ಇವತ್ತಿಗೂ ಗೊತ್ತಿಲ್ಲ."

"ಮರುದಿನ ಮುಂದುವರಿಸಬಹುದಿತ್ತು" ಎಂದೆ.

"ಪಾಠಕ್ಕೆ ಒಂದೇ ಪೀರಿಯಡ್ ಅಂತ ಪಟ್ಟಿ ಇತ್ತಲ್ಲ ಸರ್. ಅದೂ ಅಲ್ದೆ ಕೊನೇ ಪೀರಿಯಡ್ ಬೇರೆ ಎಲ್ಲದಕ್ಕಿಂತ ಐದು ನಿಮಿಷ ಚಿಕ್ಕದು. ಯಾವ ಪುಣ್ಯಾತ್ಮ ಹಂಗ್ ಮಾಡಿದ್ನೋ!"

ಕೊನೆಯ ಪೀರಿಯಡ್ಡಿನಿಂದ ಐದು ನಿಮಿಷ ಕತ್ತರಿಸಿದವನು ನಾನು. ಬೆಳಗಿನ ಸಭೆ ಐದು ನಿಮಿಷ ಉದ್ದವಾಗುತ್ತಿತ್ತು, ಎಲ್ಲಿಂದಲಾದರೂ ತೆಗೆಯಬೇಕಿತ್ತು. ಆಗ ಎಲ್ಲರೂ ಮೆಚ್ಚಿದ್ದರು.

ಟಿಕೆಟ್ ರದ್ದು ಮಾಡುವುದು ಮರೆತುಹೋಯಿತು.

ಏಪ್ರಿಲ್ 28, ಗುರುವಾರ

ಸುಮ್ಮನೆ ಒಂದು ಲೆಕ್ಕ ಮಾಡಿದೆ. ವರ್ಷಕ್ಕೆ ಇನ್ನೂರು ದಿನ, ದಿನಕ್ಕೆ ಐದು ನಿಮಿಷ, ಇಪ್ಪತ್ತೆರಡು ವರ್ಷ. ಇಪ್ಪತ್ತೆರಡು ಸಾವಿರ ನಿಮಿಷ. ಅಂದರೆ ಹದಿನೈದು ದಿನ, ಆರು ಗಂಟೆ, ನಲವತ್ತು ನಿಮಿಷ.

ನಮ್ಮ ಪ್ರವಾಸ ಒಂಬತ್ತು ದಿನದ್ದು.

ಲೆಕ್ಕ ತಪ್ಪಿರಬಹುದೆಂದು ಮತ್ತೆ ಮಾಡಿದೆ. ತಪ್ಪಿಲ್ಲ. ನಾಚಿಕೆಯಾಯಿತು. ಇಪ್ಪತ್ತೆರಡು ವರ್ಷ ಒಂದೇ ಮನೆಯಿಂದ ಒಂದೇ ಬಸ್ಸಿನಲ್ಲಿ ಒಂದೇ ಶಾಲೆಗೆ ಹೋಗಿ ಬಂದಿದ್ದೇವೆ. ಒಂದು ದಿನವೂ ಅವಳು ಹೇಳಲಿಲ್ಲ. ಕೇಳುವುದು ಪಟ್ಟಿ ಬರೆಯುವವನ ಕೆಲಸವಲ್ಲವೆಂದು ನಾನು ತಿಳಿದಿದ್ದೆ.

ಮೇ 2, ಸೋಮವಾರ

ಜಲಪಾತಗಳಲ್ಲಿ ಏಳನ್ನು ತೆಗೆದೆ. ನೀರು ಮೇಲಿನಿಂದ ಕೆಳಕ್ಕೆ ಬೀಳುತ್ತದೆಂದು ಹನ್ನೊಂದು ಸಲ ಖಚಿತಪಡಿಸಿಕೊಳ್ಳುವ ಅಗತ್ಯವಿಲ್ಲ. ಇದು ಸಂಪೂರ್ಣವಾಗಿ ಆಡಳಿತದ ಅನುಕೂಲಕ್ಕಾಗಿ ಕೈಗೊಂಡ ಕ್ರಮ. ಇದಕ್ಕೂ ಇವಳಿಗೂ ಯಾವ ಸಂಬಂಧವೂ ಇಲ್ಲ.

ಮೇ 3, ಮಂಗಳವಾರ

ಊಟದ ವಿರಾಮ ಮತ್ತೆ ಸೇರಿಸಿದೆ. ಒಂದು ಪೀರಿಯಡ್ ಸಾಲದೆಂದು ಎರಡು. ವಯಸ್ಸಾದ ಮೇಲೆ ಅಗಿದು ತಿನ್ನಬೇಕೆಂದು ದಂತವೈದ್ಯರೇ ಹೇಳುತ್ತಾರೆ.

ಮೇ 6, ಶುಕ್ರವಾರ

ಮೇಣದ ಬೊಂಬೆಗಳ ಮನೆ, ಕೋಟೆ, ಚಿಪ್ಪಿನ ಮ್ಯೂಸಿಯಂ ಹೊರಗೆ. ಹೋಗಿಬಂದವರು ಕಿಟಕಿಯಿಂದ ಹಲಗೆ ನೋಡಿ ಓಡಿಬಂದರು.

"ಕೋಟೆ ಎಲ್ಲಿ ರೀ? ಕೋಟೆ ನೋಡ್ದೆ ಬಂದ್ರೆ ಹೋಗಿದ್ದು ಯಾವ ಪುರುಷಾರ್ಥಕ್ಕೆ?"

"ದಕ್ಷಿಣದ ತುದಿಯಲ್ಲಿ ಏನಿದೆ, ಹೇಳಿ" ಎಂದೆ.

"ಅಲ್ಲೇನಿದೆ? ಏನೂ ಇಲ್ಲ."

"ಹೋಗಿದ್ರಾ?"

"ಇಲ್ಲ."

"ಹೋಗದೆ ಹೇಗೆ ಗೊತ್ತು?"

"ಏನಾದ್ರೂ ಇದ್ದಿದ್ರೆ ಹೋಗಿರ್ತಿದ್ದೆನಲ್ಲಾ?"

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರ ಹತ್ತಿರ ಏನು ವಾದ? ಅವರ ಮಾತು ಕೇಳುತ್ತಿದ್ದಾಗ ಯಾರನ್ನೋ ನೋಡಿದಂತೆ ಅನ್ನಿಸಿತು. ಯಾರನ್ನೆಂದು ನೆನಪಾಗಲಿಲ್ಲ.

ಮೇ 9, ಸೋಮವಾರ

ಹಳದಿ ಚೀಟಿಯನ್ನು ಮೊದಲನೆಯ ದಿನದ ಮೊದಲನೆಯ ಪೀರಿಯಡ್ಡಿಗೆ ಸಿಕ್ಕಿಸಿದೆ. ಸುಲಭವಾಗಿ ಹೋಗಲಿಲ್ಲ. ಆ ಸೀಳಿಗೆ ಹಳದಿ ರಟ್ಟು ಎಂದೂ ಹೋದದ್ದಿಲ್ಲ, ಸ್ವಲ್ಪ ದಪ್ಪ. ಮೂಲೆ ಕತ್ತರಿಸಬೇಕಾಯಿತು.

ಇವಳು ಕಾಫಿ ತಂದವಳು ಹಲಗೆಯ ಮುಂದೆ ನಿಂತಳು.

"ಇದೇನಿದು, ಫಸ್ಟ್ ಪೀರಿಯಡ್ಡಲ್ಲಿ?"

"ಕೊನೇ ದಿನ ಆ ಊರಿಗೆ ಬಸ್ ಇಲ್ಲ. ಅದಕ್ಕೆ."

ದ್ವೀಪದ ಬಸ್ಸುಗಳ ಪಟ್ಟಿ ಮೇಜಿನ ಮೇಲೆಯೇ ಬಿದ್ದಿತ್ತು. ದಿನಕ್ಕೆರಡು ಬಸ್, ವರ್ಷವಿಡೀ. ಅವಳು ಅದನ್ನು ಓದಿದಳು. ಓದಿ, ಮಡಚಿ, ಪುಸ್ತಕದೊಳಗಿಟ್ಟಳು.

"ಎರಡನೇ ಪೀರಿಯಡ್ಡಲ್ಲಿ ಏನೂ ಹಾಕಿಲ್ವಲ್ಲ?"

"ಆಮೇಲೆ ಹಾಕ್ತೀನಿ."

ಒಳಗೆ ಹೋದಳು. ಬೀರುವಿನ ಮೇಲಿಂದ ಸೂಟ್‌ಕೇಸ್ ಎಳೆಯುವ ಸದ್ದು ಕೇಳಿತು. ಎದ್ದು ಹೋಗಿ ಇಳಿಸಿಕೊಟ್ಟೆ. ಧೂಳು ಕಣ್ಣಿಗೆ ಬಿತ್ತು, ಇಬ್ಬರಿಗೂ ಬಿತ್ತು.

ಮೇ 10, ಮಂಗಳವಾರ

ಅಕ್ಕ, ಭಾವ ಬಂದು ಹಲಗೆ ನೋಡಿದರು. ಹಲಗೆಯಲ್ಲಿ ಉಳಿದಿರುವುದು ಹಳದಿ ಚೀಟಿ, ಮುತ್ತಿನ ಪೇಟೆ, ಬುಗ್ಗೆಗಳು, ನಾಲ್ಕು ಜಲಪಾತ ಮತ್ತು ಖಾಲಿ ಸೀಳುಗಳು.

"ಅಲ್ಲಯ್ಯಾ, ದೀಪದ ಬುಡದಲ್ಲಿ ಕತ್ತಲೆ ಅಂತಾರೆ. ಅದನ್ನ ನೋಡೋಕೆ ಅಷ್ಟು ದೂರ ಹೋಗ್ಬೇಕಾ?" ಎಂದರು ಭಾವ.

"ನಾವು ಹಳೇ ಪಟ್ಟೀನೇ ಹಿಡ್ಕೊಂಡು ಹೋಗ್ತೀವಪ್ಪ" ಎಂದಳು ಅಕ್ಕ. "ದುಡ್ಡು ಕೊಟ್ಟು ಸುಮ್ನೆ ಕೂರೋಕೆ ನಮ್ಮನೇಲೇ ಸೋಫಾ ಇದೆ."

ಮೂವತ್ತೇಳು ಜಾಗಗಳ ಪಟ್ಟಿಯನ್ನು ಅಂದವಾಗಿ ಬರೆದುಕೊಟ್ಟೆ. ಭಾವ ಸಮಯಗಳನ್ನು ಓದುತ್ತಾ ಓದುತ್ತಾ ಮಂಡಿ ಹಿಡಿದುಕೊಂಡರು.

ಮೇ 15, ಭಾನುವಾರ

ಸಂಜೆ ದ್ವೀಪ ತಲುಪಿದೆವು. ಸೆಕೆ. ಹೋಟೆಲಿನವನು ಕೊಠಡಿಯ ಕೀಲಿಯ ಜೊತೆಗೆ ಒಂದು ಬಣ್ಣದ ಹಾಳೆ ಕೊಟ್ಟ: ನೋಡಲೇಬೇಕಾದ ಐವತ್ತೆರಡು ಜಾಗಗಳು. ಹದಿನೈದು ಹೊಸವು! ಕೈ ತಾನಾಗಿಯೇ ಜೇಬಿಗೆ ಹೋಯಿತು. ಜೇಬಿನಲ್ಲಿ ಪೆನ್ಸಿಲ್ಲೂ ಇತ್ತು.

ಹಾಳೆಯನ್ನು ಅಕ್ಕನಿಗೆ ಕೊಟ್ಟೆ.

ಮೇ 16, ಸೋಮವಾರ

ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ಅಕ್ಕ, ಭಾವ ಉತ್ತರದ ಬಸ್ ಹತ್ತಿದರು. ನಾವಿಬ್ಬರು ದಕ್ಷಿಣದ್ದು. ನಮ್ಮ ಬಸ್ಸಿನಲ್ಲಿ ನಾವು, ನಾಲ್ಕು ಮೂಟೆ, ಒಬ್ಬ ಮೀನುಗಾರ.

ಊರಿನಲ್ಲಿ ಒಂದು ಬೀದಿ. ಒಂದು ದೋಣಿ ರಿಪೇರಿ ಅಂಗಡಿ, ಅಂಚೆ ಕಚೇರಿ, ಹಗ್ಗ ಮಾರುವ ಅಂಗಡಿ. ದೀಪಸ್ತಂಭಕ್ಕೆ ಬೀಗ ಹಾಕಿತ್ತು. ಕೀಲಿ ಯಾರ ಹತ್ತಿರವಿದೆ ಎಂದು ಕೇಳಿದೆ. ಅಂಚೆಯಮ್ಮ, "ಅದನ್ನ ನೋಡೋಕೆ ಬಂದ್ರಾ?" ಎಂದು ಆಶ್ಚರ್ಯಪಟ್ಟರು. ಪುಸ್ತಕದಲ್ಲಿ ಬರೆದದ್ದು ಅಕ್ಷರಶಃ ನಿಜ. ವಿಶೇಷವಿಲ್ಲ. ಅಂಚೆಯಮ್ಮ ಬಾಡಿಗೆಗೆ ಕೊಡುವ ಮಾಳಿಗೆಯ ರೂಮಿನಲ್ಲಿ ಸಾಮಾನಿಟ್ಟೆವು. ಇವಳು ಕಿಟಕಿ ತೆಗೆದು, "ಎಷ್ಟು ಚೆನ್ನಾಗಿದೆ" ಎಂದಳು. ಏನು ಚೆನ್ನಾಗಿದೆ ಎಂದು ಕೇಳಬೇಕೆಂದುಕೊಂಡವನು ನಾನೂ ಕಿಟಕಿಯ ಹತ್ತಿರ ಹೋಗಿ ನಿಂತೆ.

ಮಧ್ಯಾಹ್ನ ಅಕ್ಕನ ಸಂದೇಶ ಬಂತು: "ನಾಲ್ಕು ಜಲಪಾತ ಆಯ್ತು. ಎಲ್ಲಾ ಒಂದೇ ಥರ ಇದೆ. ಭಾವ ಬಸ್ಸಿಂದ ಇಳೀತಿಲ್ಲ. ಅಲ್ಲಿ ರೂಮ್ ಇದೆಯಾ?"

ಇಳಿಹೊತ್ತಿನಲ್ಲಿ ದೀಪಸ್ತಂಭದ ಆಚೆ, ನೆಲ ಮುಗಿಯುವ ಕಡೆ ಹೋದೆವು. ಇವಳು ಚಪ್ಪಲಿ ಬಿಟ್ಟು, ಕೊಡೆಯ ಮೊನೆಯಿಂದ ಒದ್ದೆ ಮರಳಿನ ಮೇಲೆ ಗೆರೆ ಎಳೆಯತೊಡಗಿದಳು. ನನಗೆ ಕೂಡಲೇ ಗೊತ್ತಾಯಿತು. ನಕ್ಷೆ. ಈ ಸಲ ಕೆಳಗಿನಿಂದ ಶುರುಮಾಡಿದ್ದಳು.

"ದಕ್ಷಿಣದ ತುದೀಲಿ ಒಂದೂರಿದೆ" ಎಂದೆ. "ಅಲ್ಲಿ?"

ಅವಳು ನನ್ನ ಮುಖವನ್ನೇ ನೋಡಿದಳು. "ನಿಮಗ್ಯಾರು ಹೇಳಿದ್ದು?"

"ಹಳೇ ವಿದ್ಯಾರ್ಥಿನಿ ಒಬ್ಬಳು. ಅವಳಿಗೆ ಇನ್ನೂ ಉತ್ತರ ಬೇಕಂತೆ."

ಕೊಡೆಯನ್ನು ಸಮುದ್ರದ ಕಡೆ ಚಾಚಿದಳು. "ಅಲ್ಲಿ ನಿಂತ್ರೆ ಮುಂದೆ ಯಾವ ಊರೂ ಇಲ್ಲ ಮಕ್ಕಳೇ. ದಕ್ಷಿಣ ಧ್ರುವದ ಮಂಜಿನವರೆಗೂ ಬರೀ ನೀರು. ಭೂಮಿ ಎಷ್ಟು ದೊಡ್ಡದು ಅಂತ ಅಲ್ಲಿ ಗೊತ್ತಾಗುತ್ತೆ." ಕೊಡೆ ಇಳಿಸಿ, "ಅಷ್ಟೇ. ಅರ್ಧ ನಿಮಿಷದ ಮಾತು" ಎಂದಳು.

ಮತ್ತೆ ಬಗ್ಗಿ ಬಂದರು ಬರೆದಳು, ಬೆಟ್ಟ ಬರೆದಳು. ಹಳೆಯ ಅಭ್ಯಾಸ, ನಾನು ಎಡಗೈ ಎತ್ತಿ ನೋಡಿಕೊಂಡೆ. ಅವಳ ಕೊಡೆ ನಿಂತಿತು.

"ಬೆಲ್ ಆಯ್ತಾ?"

ಮಣಿಕಟ್ಟಿನಲ್ಲಿ ಗಡಿಯಾರವಿರಲಿಲ್ಲ. ರೂಮಿನಲ್ಲಿ ಬಿಚ್ಚಿಟ್ಟವನು ಕಟ್ಟಿಕೊಳ್ಳಲು ಮರೆತಿದ್ದೆ. ನನಗೆ ಹೀಗೆ ಎಂದೂ ಆಗಿದ್ದಿಲ್ಲ. ವಯಸ್ಸಿನ ಕಾರಣವಿರಬೇಕು, ಊರಿಗೆ ಹೋದ ಮೇಲೆ ಡಾಕ್ಟರನ್ನು ಕೇಳಬೇಕು.

"ಇಲ್ಲ" ಎಂದೆ. "ಇನ್ನೂ ಐದು ನಿಮಿಷ ಇದೆ."

ಅವಳು ಬರೆಯುತ್ತಾ ಹೋದಳು. ಕತ್ತಲಾಗುವವರೆಗೆ ಇನ್ನೂ ಮೂರು ಸಲ ಕೇಳಿದಳು. ಮೂರು ಸಲವೂ ಅದನ್ನೇ ಹೇಳಿದೆ.